ನೆಸ್ತೊರನ ಪೊರೆ

ಕ್ಷೌರದಂಗಡಿಯ ಕುರ್ಚಿಯಲ್ಲಿ ನೆಸ್ತೊರ್ ಮೊಟ್ಟೆಯ ಮೇಲೆ ಕೋಳಿ ಕೂತಂತೆ ಕೂತ. ಅದೇ ತಪ್ಪಾಯಿತು. ಏನಾಯ್ತೋ ಎಂದು ನಾಲ್ಕು ಜನ ಕೇಳಿದರು, ಅವನು ಹೇಳಿಬಿಟ್ಟ. ತೊಡೆ ನಡುವಿನ ಬೀಜದ ಚೀಲದಲ್ಲಿ ನೀರು ತುಂಬಿತ್ತು, ಆಪರೇಷನ್ ಆಯಿತು, ಬೀಜದ ಸುತ್ತಲಿನ ಪೊರೆಯ ಮೇಲೆ ಎಂಥದೋ ಬೆಳೆದಿತ್ತು. ತುಂಡನ್ನು ಪರೀಕ್ಷೆಗೆ ಕಳಿಸಿದ್ದಾರೆ. ನಾಳೆ ಬೊಗೊಟಾದಲ್ಲಿ ಫಲಿತಾಂಶ.

ಈ ಊರಲ್ಲಿ ಪೊರೆ ಎಂದರೆ ಯಾರೂ ನಗುವುದಿಲ್ಲ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟಿನ ಕಾರ್ಖಾನೆ ಇಲ್ಲಿ ಸಂಬಳಕ್ಕಿಂತ ಧೂಳನ್ನೇ ಧಾರಾಳವಾಗಿ ಹಂಚಿತು. ಮಾಲೀಕರು ಸಮುದ್ರದಾಚೆ ಒಳ್ಳೆಯ ಗಾಳಿ ಕುಡಿಯುತ್ತಿದ್ದಾರೆ. ಶೀಟು ಕೊಯ್ದವರು ಎದೆಯ ಪೊರೆಗೆ ಕ್ಯಾನ್ಸರ್ ಹತ್ತಿ ಮಣ್ಣು ಸೇರುತ್ತಿದ್ದಾರೆ. ಅದೇ ಜಾತಿಯ ಪೊರೆ ಬೀಜಕ್ಕೂ ಇದೆಯೆಂಬುದು ನೆಸ್ತೊರನಿಗೆ ಈಗ ತಿಳಿದಿತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಆಗಲೇ ಇಬ್ಬರು ಕೂತಿದ್ದರು: ಕಾರ್ಖಾನೆಯಲ್ಲಿ ಅವನ ಜೊತೆ ಶೀಟು ಕೊಯ್ದ ಮುದುಕ ಅನ್ಸೆಲ್ಮೊ, ಊರಿನ ಸಾವುಗಳಿಗೆಲ್ಲ ಜಪಮಾಲೆ ಹಿಡಿಯುವ ಪಕ್ಕದ ಮನೆಯ ಕ್ಲೆಮೆನ್ಸಿಯಾ.

"ನೀವ್ಯಾಕೆ ಬಂದ್ರಿ?"

"ಕೆಟ್ ಸುದ್ದೀನ ಒಬ್ನೇ ಕೇಳ್ತೀಯೇನೋ?" ಎಂದ ಅನ್ಸೆಲ್ಮೊ. "ಹೋದ್ವರ್ಷ ಸತ್ನಲ್ಲ ಎವಾರಿಸ್ತೊ, ಅವನ್ಗೂ ಹಿಂಗೇ ಶುರುವಾಗಿದ್ದು."

"ಅವನ್ಗೆ ಎದೇಲಿ, ದೋನ್ ಅನ್ಸೆಲ್ಮೊ."

"ಅವನ್ದು ಮೇಲಿಂದ ಇಳೀತು. ನಿಂದು ಕೆಳಗಿಂದ ಹತ್ತುತ್ತೆ, ಅಷ್ಟೆ."

ಕ್ಲೆಮೆನ್ಸಿಯಾ ಅವನನ್ನು ಮೇಲಿಂದ ಕೆಳಗೆ ಅಳೆದಳು. "ನಿನ್ ಮದುವೆ ಸೂಟು ಈಗ ಬಿಗಿಯಾಗುತ್ತೆ, ಮಗಾ. ನಮ್ಮೆಜಮಾನ್ರದ್ದು ಇದೆ. ಹೆಣದ ಪೆಟ್ಟಿಗೇಲಿ ಮಲಗ್ಸೋವಾಗ ಹಿಂದುಗಡೆ ಕತ್ತರಿಸ್ಕೊಂಡ್ರಾಯ್ತು."

ಆಸ್ಪತ್ರೆಯಲ್ಲಿ ಇಬ್ಬರೂ ಅವನ ಹಿಂದೆಯೇ ಒಳಗೆ ನುಗ್ಗಿದರು.

"ನಮ್ಗೂ ಗಾಬರಿಯಾಗಿತ್ತು," ಎಂದರು ಡಾಕ್ಟರಮ್ಮ. "ಕೆರಳಿದ ಪೊರೆ, ಕ್ಯಾನ್ಸರಿನ ಪೊರೆ ಎರಡೂ ನೋಡೋಕೆ ಅಣ್ಣತಮ್ಮಂದಿರ ಥರ ಇರ್ತವೆ. ಕ್ಯಾನ್ಸರಾದ್ರೆ ಕೆಳಗಿನ ಕೊಬ್ಬಿಗೆ ಬೇರು ಇಳಿಸುತ್ತೆ. ನಿಮ್ದು ಮೇಲ್ಮೇಲೇ ನಿಂತಿದೆ."

"ಅಂದ್ರೆ?"

"ಕ್ಯಾನ್ಸರಲ್ಲ."

ನೆಸ್ತೊರ್ ಗಳಗಳ ಅತ್ತುಬಿಟ್ಟ.

"ಆದ್ರೆ ಹೊಲಿಗೆ ಹಸಿ ಇದೆ. ಉಜ್ಜಬಾರ್ದು, ತ್ರಾಸ ಕೊಡಬಾರ್ದು. ಊದ್ಕೊಂಡು ಪೊರೆ ಮತ್ತೆ ಬೆಳೆದ್ರೆ ಮತ್ತೆ ಕೊಯ್ಯಬೇಕು, ಮತ್ತೆ ಇದೇ ಅನುಮಾನ. ಆಗ ಬೀಜ ಉಳಿಯುತ್ತೆ ಅಂತ ನಾನ್ ಮಾತು ಕೊಡಲ್ಲ."

ಹೊರಗೆ ಬಂದೊಡನೆ ಕ್ಲೆಮೆನ್ಸಿಯಾ ತುದಿಯಲ್ಲಿ ಚರ್ಚಿರುವ ಮೊನ್ಸೆರಾತೆ ಬೆಟ್ಟದ ಕಡೆ ತಿರುಗಿ ಶಿಲುಬೆ ಗುರುತು ಹಾಕಿದಳು. "ಪ್ರಭು ನಡೆಸ್ಕೊಟ್ಟ. ನಡಿ."

"ಊರಿಗಾ?"

"ಬೆಟ್ಟಕ್ಕೆ. ಕ್ಯಾನ್ಸರಲ್ಲ ಅಂತಾದ್ರೆ ಅವತ್ತೇ ನೀನು ಮಂಡಿಯೂರ್ಕೊಂಡು ಮೇಲಿನ್ ತನಕ ಹತ್ತುತ್ತೀಯ ಅಂತ ಹರಕೆ ಹೊತ್ತಿದ್ದೆ."

"ನನ್ನ ಒಂದ್ಮಾತೂ ಕೇಳ್ದೇನೇ?"

"ಪ್ರಭೂನ ಕೇಳಿದ್ನಲ್ಲ."

"ದೊನ್ಯಾ ಕ್ಲೆಮೆನ್ಸಿಯಾ, ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ?"

ಅನ್ಸೆಲ್ಮೊ ಟೋಪಿ ತೆಗೆದು, ನೆಲ ನೋಡುತ್ತ ಮೆಲ್ಲಗೆ ಹೇಳಿದ: "ಎವಾರಿಸ್ತೊನೂ ಮುಂದಿನ್ವಾರ ಹತ್ತುತ್ತೀನಿ ಅಂದಿದ್ದ."

ನೆಸ್ತೊರ್ ಬೆಟ್ಟದ ಮೊದಲ ಮೆಟ್ಟಿಲಿಗೆ ಮಂಡಿಯೂರಿದ. ಹಿಂದೆ ಜಪಮಾಲೆ ಶುರುವಾಯಿತು. ಮಂಡಿ ಸವೆಯಿತು, ಚಡ್ಡಿ ಉಜ್ಜಿತು, ಹೊಲಿಗೆ ಕೆಂಡದಂತೆ ಉರಿಯಿತು. ಅರ್ಧ ಬೆಟ್ಟದಲ್ಲಿ ಅವನು ಗಕ್ಕನೆ ನಿಂತ. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಯಾಕೋ ನಿಂತೆ?"

"ಊದ್ತಾ ಇದೆ, ದೊನ್ಯಾ."

"ಹೆದರ್ಬೇಡ ಮಗಾ," ಎಂದಳು ಕ್ಲೆಮೆನ್ಸಿಯಾ ಅವನ ಬೆನ್ನು ಸವರುತ್ತ. "ಅದಕ್ಕೂ ಒಂದು ಹರಕೆ ಹೊರ್ತೀನಿ."