ವಿಸಿಲ್ ಬಂತು, ಗಾಡಿ ಎತ್ತಿದೆ

ನನಗೊಂದು ಕಾಯಿಲೆ ಇದೆ. ಡಾಕ್ಟರುಗಳ ಹತ್ತಿರ ಅದಕ್ಕೆ ಹೆಸರಿಲ್ಲ, ಮಾತ್ರೆಯೂ ಇಲ್ಲ. ಕೂತ ಕಡೆ ಕೂರೋಕಾಗದ ಕಾಯಿಲೆ. ಧರ್ಮಪುರಿಯಿಂದ ಮೇಟೂರಿಗೆ ಓಡುವ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಕಂಡಕ್ಟರಾಗಿದ್ದವನು ನಾನು. ಆ ಬಸ್ಸಿನಲ್ಲಿ ಎಲ್ಲರಿಗೂ ಸೀಟು ಕೊಡಿಸಿದೆ, ನಾನು ಮಾತ್ರ ನಿಂತೇ ಇದ್ದೆ. ರಿಟೈರಾದ ಮೇಲೂ ಕಾಲಿಗೆ ಆ ಸುದ್ದಿ ತಲುಪಲಿಲ್ಲ. ಕಡಯಂಪಟ್ಟಿಯ ಮನೆಯಲ್ಲಿ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಓಡಾಡುತ್ತಲೇ ಇರುತ್ತೇನೆ. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ಕೂತವರ ತಲೆ ಎಣಿಸುತ್ತೇನೆ. ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವುದೂ ಇದೇ ಕಾಯಿಲೆಯ ಒಂದು ಶಾಖೆ ಎಂದು ನನ್ನ ಹೆಂಡತಿ ಗೌರಮ್ಮ ಹೇಳುತ್ತಾಳೆ. ಹೇಳುತ್ತಾಳೆ ಅಂದರೆ, ಹೇಳಲು ಶುರು ಮಾಡುತ್ತಾಳೆ. ಅಷ್ಟರಲ್ಲಿ ನಾನು ಬಾಯಿ ಹಾಕಿರುತ್ತೇನೆ.

ಆ ಬಸ್ಸಿನ ಡ್ರೈವರ್ ಮಾದೇಶ. ಅದಿಯಮಾನ್‌ಕೋಟೆಯವನು, ನಮ್ಮಂತೆಯೇ ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ನಮ್ಮಿಬ್ಬರಿಗೆ ಕನ್ನಡವೆಂದರೆ ಪ್ಯಾಸೆಂಜರುಗಳನ್ನು ಅವರ ಎದುರಿಗೇ ಬೈಯಲು ಇಟ್ಟುಕೊಂಡ ಗುಟ್ಟಿನ ಭಾಷೆ. ಪಾಲಮಲೆಯಿಂದ ಇಳಿದು ಬಂದ ಅಜ್ಜಿಯೊಬ್ಬಳು ನಮ್ಮ ಬೈಗುಳಕ್ಕೆ ಕನ್ನಡದಲ್ಲೇ ಎರಡು ಪಟ್ಟು ವಾಪಸ್ ಕೊಟ್ಟ ದಿನದಿಂದ ಸ್ವಲ್ಪ ಹುಷಾರಾಗಿದ್ದೆವು, ಅಷ್ಟೆ. ಮಾದೇಶ ಮಾತು ಕಮ್ಮಿ, ಕೆಲಸದಲ್ಲಿ ಕಟ್ಟುನಿಟ್ಟು. ಅವನ ನಿಯಮ ಒಂದೇ: ಮುಂದೆ ನೋಡುವುದು ಡ್ರೈವರನ ಕೆಲಸ, ಹಿಂದೆ ನೋಡುವುದು ಕಂಡಕ್ಟರನ ಕೆಲಸ. ಎರಡು ವಿಸಿಲ್ ಬಂದರೆ ಗಾಡಿ ಎತ್ತುತ್ತಿದ್ದ, ಒಂದು ಬಂದರೆ ನಿಲ್ಲಿಸುತ್ತಿದ್ದ. ಹಿಂದೆ ಕುರಿ ಹತ್ತಿದೆಯೋ ಕಲೆಕ್ಟರ್ ಹತ್ತಿದ್ದಾರೋ ಅವನಿಗೆ ಬೇಕಿರಲಿಲ್ಲ.

ಅವನ ಹೆಂಡತಿ ತೀರಿಕೊಂಡ ಮೇಲೆ ಅವನಿಗೂ ನನ್ನ ಕಾಯಿಲೆ ಅಂಟಿತು. ಬೆಳಗಾದರೆ ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ, ಕೂರು ಅಂದರೆ ಕೂರುತ್ತಿರಲಿಲ್ಲ. ಇಬ್ಬರೂ ಗೇಟಿನ ಆಚೆ ಈಚೆ ನಿಂತು ರಸ್ತೆ ನೋಡುತ್ತಿದ್ದೆವು. ಒಂದು ದಿನ ಅವನೇ ಹೇಳಿದ, ಇಷ್ಟು ವರ್ಷ ಗಾಡಿ ಓಡಿಸಿದರೂ ತನಗೆ ಬೇಕಾದ ಕಡೆ ಒಂದು ಸಲವೂ ತಿರುಗಿಸಿಲ್ಲವಂತೆ. ಶ್ರೀಲಂಕಾದಲ್ಲಿ ಟೂರಿಸ್ಟುಗಳಿಗೆ ಆಟೋ ಬಾಡಿಗೆಗೆ ಕೊಡುತ್ತಾರಂತೆ, ನಾವೇ ಓಡಿಸಿಕೊಂಡು ಸುತ್ತಬಹುದಂತೆ, ಬರುತ್ತೀಯಾ ಎಂದು ಕೇಳಿದ. ನಾನು ಯೋಚಿಸುವ ಮೊದಲೇ ಒಳಗಿಂದ ಗೌರಮ್ಮನ ದನಿ ಬಂತು: “ಬತ್ತಾರೆ, ಕರ್ಕೊಂಡೋಗಣ್ಣ.”

ಹೀಗೆ ತಿರುಚ್ಚಿಯಿಂದ ವಿಮಾನ ಹತ್ತಿದೆವು. ಅದರಲ್ಲೂ ನಾನು ಎದ್ದೆದ್ದು ನಿಂತೆ. ಗಗನಸಖಿ ಎರಡು ಸಲ ನಗುತ್ತಾ ಕೂರಿಸಿದಳು, ಮೂರನೇ ಸಲ ನಗಲಿಲ್ಲ. ನೆಗೊಂಬೊದಲ್ಲಿ ಒಂದು ಕೆಂಪು ಆಟೋ ಸಿಕ್ಕಿತು. ಪರ್ಮಿಟ್ಟು ಗಿರ್ಮಿಟ್ಟು ಎಲ್ಲ ಅವರೇ ಮಾಡಿಸಿಕೊಟ್ಟರು. ಅಷ್ಟು ದೊಡ್ಡ ಬಸ್ಸನ್ನು ತೊಪ್ಪೂರು ಘಾಟಿಯಲ್ಲಿ ಆಡಿಸಿದ ಮಾದೇಶ ಆ ಮೂರು ಚಕ್ರದ ಮುಂದೆ ಮದುಮಗನ ಹಾಗೆ ನಿಂತಿದ್ದ. ನನ್ನನ್ನು ಹಿಂದಿನ ಸೀಟಿಗೆ ಹತ್ತಿಸಿ ಕುರುನೇಗಲದ ದಾರಿ ಹಿಡಿದ.

ಕುರುನೇಗಲದ ಹತ್ತಿರ ಒಂದು ಸ್ಕೂಲಿನ ಎದುರು ಪೊಲೀಸಿನವನೊಬ್ಬ ಮಕ್ಕಳನ್ನು ದಾಟಿಸಲು ಗಾಡಿಗಳನ್ನು ನಿಲ್ಲಿಸಿದ್ದ. ಪಕ್ಕದಲ್ಲೇ ಒಬ್ಬ ಹೆಂಗಸು ತಂಬಿಲಿ ಮಾರುತ್ತಿದ್ದಳು. ತಂಬಿಲಿ ಅಂದರೆ ಅಲ್ಲಿಯ ಕೆಂದೆಳನೀರು. ಮಾದೇಶ ಮುಂದೆ ರಸ್ತೆಯನ್ನೇ ನೋಡುತ್ತಿದ್ದ. ನಾನು ಕಳಚಿಟ್ಟಿದ್ದ ಚಪ್ಪಲಿಯನ್ನು, ಫೋನು ಪಾಸ್‌ಪೋರ್ಟು ಇದ್ದ ಚೀಲವನ್ನು ಆಟೋದಲ್ಲೇ ಬಿಟ್ಟು, ಕಿಸೆಯಲ್ಲಿದ್ದ ಚಿಲ್ಲರೆ ಹಿಡಿದುಕೊಂಡು ಇಳಿದೆ. ಇಳಿದೆ ಅಂತ ಹೇಳಲಿಲ್ಲ. ಬಸ್ಸಿನಲ್ಲಿ ಯಾವತ್ತು ಹೇಳಿ ಇಳಿದಿದ್ದೆ? ತಂಬಿಲಿಯನ್ನು ಬಾಯಿಗಿಟ್ಟೆ. ಆಗ ಮಕ್ಕಳನ್ನು ದಾಟಿಸಿ ಮುಗಿಸಿದ ಪೊಲೀಸಿನವನು ಕೈ ಬೀಸಿ ವಿಸಿಲ್ ಹಾಕಿದ. ಎರಡು ಸಲ.

ಕೆಂಪು ಆಟೋ ಹೊರಟಿತು.

ನಾನು ತಂಬಿಲಿ ಹಿಡಿದುಕೊಂಡೇ ಓಡಿದೆ. ಬರಿಗಾಲು, ಕಾದ ಡಾಂಬರು. ಸ್ವಲ್ಪ ಹೊತ್ತಿಗೆ ಆಟೋ ಉಳಿದ ಕೆಂಪು ಆಟೋಗಳ ಜೊತೆ ಸೇರಿ ಹೋಯಿತು. ಬಸ್ಸಾದರೆ ಮುಂದಿನ ಸ್ಟಾಪಿನಲ್ಲಾದರೂ ನಿಲ್ಲುತ್ತದೆ. ಇವನು ನಿಲ್ಲಬೇಕಾದರೆ ನಾನು ವಿಸಿಲ್ ಹಾಕಬೇಕು! ಊರಿನ ಹೆಸರು ನೆಟ್ಟಗೆ ಬಾರದ ದೇಶದಲ್ಲಿ, ಗುರುತಿನ ಒಂದು ಚೀಟಿಯೂ ಇಲ್ಲದೆ, ಖಾಲಿಯಾಗುತ್ತಿದ್ದ ಎಳನೀರಿನ ಬುರುಡೆಯೊಂದನ್ನು ಹಿಡಿದು ನಿಂತಿದ್ದೆ.

ಪೊಲೀಸಿನವನಿಗೆ ತಮಿಳು ಬರಲಿಲ್ಲ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, ನೀನು ವಿಸಿಲ್, ನನ್ನ ಡ್ರೈವರ್ ಗೋ, ಅಂದೆ. ಅವನು ಮೊದಲು ನಾನು ಅವನ ಮೇಲೆ ದೂರು ಕೊಡುತ್ತಿದ್ದೇನೆ ಅಂದುಕೊಂಡು ಮುಖ ಗಂಟಿಕ್ಕಿದ. ಎಳನೀರಿನ ಹೆಂಗಸು ಅಭಿನಯ ಮಾಡಿ ತೋರಿಸಿದ ಮೇಲೆ ಅವನಿಗೆ ಅರ್ಥವಾಯಿತು. ಇಬ್ಬರೂ ಚೆನ್ನಾಗಿ ನಕ್ಕರು. ಆಮೇಲೆ ಅವನು ತನ್ನ ಫೋನು ಕೊಟ್ಟ. ಈಗ ಹೊಸ ತೊಂದರೆ: ನನ್ನ ಫೋನಿಗೆ ಇಲ್ಲಿಗೆ ಬಂದು ಹಾಕಿಸಿದ ಹೊಸ ಸಿಮ್ಮಿನ ನಂಬರ್ ನನಗೆ ಗೊತ್ತಿಲ್ಲ, ಮಾದೇಶನ ಫೋನಿಗೆ ಅಲ್ಲಿ ಸಿಮ್ಮೇ ಇಲ್ಲ. ನನಗೆ ಬಾಯಿಪಾಠ ಇದ್ದದ್ದು ಪ್ರಪಂಚದಲ್ಲಿ ಒಂದೇ ನಂಬರು, ಗೌರಮ್ಮನದು.

ಕಡಯಂಪಟ್ಟಿಯಲ್ಲಿ ಗೌರಮ್ಮ ಫೋನ್ ಎತ್ತಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. “ಕಾಲ್ಗೆ ಚಪ್ಲಿ ಐತಾ?” ಅಂದಳು. ಇಲ್ಲ ಅಂದೆ. “ನೆಳ್ಳಾಗ್ ನಿಂತ್ಕಳಿ, ನಿಮ್ ಫೋನ್ಗೆ ವಾಟ್ಸಾಪಲ್ಲಿ ಒಡೀತೀನಿ. ಆಟೋದಾಗೇ ಐತಲ್ಲ,” ಎಂದು ಇಟ್ಟುಬಿಟ್ಟಳು.

ನೆರಳಲ್ಲಿ ನಿಲ್ಲುವುದು ನನ್ನ ಕೈಲಾಗುವ ಕೆಲಸವೇ? ನನ್ನ ಚಡಪಡಿಕೆ ನೋಡಲಾರದೆ ಪೊಲೀಸಿನವನು ಅದೇ ದಾರಿಯಲ್ಲಿ ಹೊರಟಿದ್ದ ಒಂದು ಬಸ್ ನಿಲ್ಲಿಸಿ, ಕಂಡಕ್ಟರನಿಗೆ ಏನೋ ಹೇಳಿ ಹತ್ತಿಸಿದ. ಕಂಡಕ್ಟರ್ ಎದ್ದು ಸೀಟು ಕೊಡಿಸಲು ಬಂದ. ನಾನು ಬೆರಳುಗಳ ನಡುವೆ ನೋಟು ಮಡಚಿಟ್ಟುಕೊಳ್ಳುವ ಹಾಗೆ ಮಾಡಿ, ನಾನೂ ನಿನ್ನವನೇ ಅಂತ ತೋರಿಸಿದೆ. ಅವನ ಮುಖ ಅರಳಿತು. ಬಾಗಿಲಿನ ಮೆಟ್ಟಿಲ ಮೇಲೆ ತನ್ನ ಪಕ್ಕದಲ್ಲೇ ಜಾಗ ಕೊಟ್ಟ. ಹೇಳಬಾರದು, ಆದರೂ ಹೇಳುತ್ತೇನೆ: ಆ ಭಯದ ನಡುವೆಯೂ, ಕಂಬಿ ಹಿಡಿದು ಗಾಳಿಗೆ ಮುಖ ಕೊಟ್ಟು ನಿಂತಾಗ, ರಿಟೈರಾದ ದಿನದಿಂದ ಕಳೆದುಹೋಗಿದ್ದ ನೆಮ್ಮದಿ ಒಂದು ಗಳಿಗೆ ಬಂದು ಹೋಯಿತು.

ಎದುರಿನಿಂದ ಬರುವ ಒಂದೊಂದು ಕೆಂಪು ಆಟೋವನ್ನೂ ಇಣುಕುತ್ತಿದ್ದೆ. ಬಹಳ ದೂರ ಹೋದ ಮೇಲೆ ಒಂದು ಆಟೋ ಎತ್ತಿನ ಗಾಡಿಗಿಂತ ನಿಧಾನವಾಗಿ ಬರುತ್ತಿತ್ತು. ಅದರ ಡ್ರೈವರ್ ತಲೆ ಹೊರಗೆ ಹಾಕಿ ರಸ್ತೆಯ ಪಕ್ಕದ ಚರಂಡಿ ನೋಡುತ್ತಿದ್ದ. ಮಾದೇಶ! ನನಗೆ ಗೊತ್ತಿಲ್ಲದೆಯೇ ಕೈ ಬಸ್ಸಿನ ತಗಡಿಗೆ ಬಡಿಯಿತು, ಬಾಯಿ “ಓಲ್ಡೇನ್” ಎಂದು ಕೂಗಿತು, ಗಾಡಿ ನಿಲ್ಲಿಸಲು ನಮ್ಮ ಕಡೆ ಕಂಡಕ್ಟರುಗಳು ಕೂಗುವ ‘ಹೋಲ್ಡ್ ಆನ್’ ಅದು. ಬಸ್ಸು ಗಕ್ಕನೆ ನಿಂತಿತು. ಎದುರಿಗೆ ಆಟೋ ಕೂಡ ನಿಂತಿತು.

ಮಾದೇಶ ಇಳಿದು ಬಂದ. ಕಣ್ಣು ಕೆಂಪಾಗಿತ್ತು. ಹಿಂದೆ ಫೋನು ಹೊಡೆದುಕೊಳ್ಳುತ್ತಲೇ ಇತ್ತಂತೆ. ಎತ್ತಲಾ ಎತ್ತಲಾ ಎಂದು ಬೈದು ಬೈದು, ಕೊನೆಗೆ ರೇಗಿ ತಿರುಗಿ ನೋಡಿದನಂತೆ. ಸೀಟಿನ ಮೇಲೆ ಚೀಲ, ಕೆಳಗೆ ಚಪ್ಪಲಿ. ಬಾಗಿಲಿಲ್ಲದ ಗಾಡಿಯಿಂದ ನಾನು ಎಲ್ಲೋ ಉರುಳಿ ಬಿದ್ದಿದ್ದೇನೆ ಎಂದುಕೊಂಡು, ಚರಂಡಿ ಚರಂಡಿಯಲ್ಲಿ ಹುಡುಕಿಕೊಂಡು ವಾಪಸ್ ಬರುತ್ತಿದ್ದ.

“ಒಂದ್ಸಲ ಇಂದೆ ತಿರುಗಿ ನೋಡಕ್ಕೇನ್ಲಾ ನಿಂಗೆ?” ಅಂದೆ.

“ವಿಸಿಲ್ ಬಂತು, ಗಾಡಿ ಎತ್ತಿದೆ,” ಅಂದ. ಆಮೇಲೆ ದನಿ ಸಣ್ಣದಾಯಿತು. “ನೀನೂ ಓಗ್ಬುಟ್ಟೆ ಅನ್ಕಂಡೆ ಕಣ್ಲಾ.”

ನಾನು ಬಗ್ಗಿ ಆಟೋದಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡೆ. ಬಸ್ಸಿನ ಜನ ಕಿಟಕಿಯಲ್ಲಿ ತಲೆಯಿಟ್ಟು ನಮ್ಮನ್ನೇ ನೋಡುತ್ತಿದ್ದರು. ಕಂಡಕ್ಟರ್ ನನ್ನ ಬೆನ್ನು ತಟ್ಟಿ ಬಸ್ಸು ಹತ್ತಿದ.

ಸಂಜೆ ಮಾದೇಶ ನನ್ನನ್ನು ಒಂದು ಕೆರೆಯ ಏರಿಗೆ ಕರೆದುಕೊಂಡು ಹೋದ. ನನ್ನನ್ನು ಬಿಟ್ಟು ಹೋದ ಮೇಲೆ, ನಾನು ಹಿಂದೆಯೇ ಇದ್ದೇನೆಂದುಕೊಂಡು ಎಡಕ್ಕಾ ಬಲಕ್ಕಾ ಎಂದು ಕೇಳಿ, ಉತ್ತರ ಬಾರದಿದ್ದಾಗ ತಾನೇ ತಿರುಗಿಸಿದ ದಾರಿಯಂತೆ ಅದು. ಕೆರೆ ತುಂಬ ತಾವರೆ. ಅಲ್ಲಿಗೆ ಬರುವ ತನಕ ಖಾಲಿ ಸೀಟಿಗೆ ಅವನು ಬಹಳ ಮಾತಾಡಿದ್ದನಂತೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗಿನ ಸಂಗತಿ, ಅವಳು ಕೊನೆಗೆ ಹೇಳಿದ ಮಾತು, ಯಾರಿಗೂ ಹೇಳದೆ ಇದ್ದದ್ದೆಲ್ಲ. ಇಷ್ಟು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಕೇಳಿಸಿಕೊಂಡದ್ದು ಅವತ್ತೇ ಎಂದು ಅವನಿಗೆ ತುಂಬ ಸಂತೋಷವಾಗಿತ್ತಂತೆ.

ನನಗೆ ನಾಚಿಕೆಯಾಯಿತು. ಈಗ ಹೇಳು, ಕೇಳುತ್ತೇನೆ ಅಂದೆ. ಏರಿಯ ಮೇಲೆ ಅವನ ಹಿಂದೆ ಚಕ್ಕಂಬಕ್ಕಳ ಹಾಕಿ ಕೂತೆ. ಕಾಲು ತುರಿಸಿತು, ತಡೆದೆ. ನಾಲಿಗೆ ತುರಿಸಿತು, ತುಟಿ ಕಚ್ಚಿ ಹಿಡಿದೆ. ಮಾದೇಶ ನೀರು ನೋಡುತ್ತಾ, “ಅವ್ಳು ಓಗೋ ದಿನ ಬೆಳಗ್ಗೆ...” ಎಂದು ಶುರು ಮಾಡಿದ. ನಾನು ಉಸಿರು ಕೂಡ ಬಿಡಲಿಲ್ಲ. ಹಿಂದೆ ಅಷ್ಟು ನಿಶ್ಶಬ್ದವಾದದ್ದು ಅವನಿಗೆ ಏನೋ ಅನುಮಾನ ತಂದಿರಬೇಕು. ಮಾತು ನಿಲ್ಲಿಸಿ ತಿರುಗಿ ನೋಡಿದ.

“ಇದ್ದೀಯೇನ್ಲಾ?”

“ಇದ್ದೀನಿ ಕಣ್ಲಾ, ಅದಿರ್ಲಿ, ಅವತ್ತು ಬೆಳಗ್ಗೆ ಕಾಫಿ ತಂದ್ಕೊಟ್ಟಿದ್ದು ನಾನೇ ಅಲ್ವಾ, ಆ ಆಸ್ಪತ್ರೆ ಕ್ಯಾಂಟೀನಲ್ಲಿ ಏನಾಯ್ತು ಗೊತ್ತಾ...” ಎಂದು ನಾನು ಶುರು ಮಾಡಿಬಿಟ್ಟಿದ್ದೆ. ಕತ್ತಲಾಗುವ ತನಕ ನಾನೇ ಮಾತಾಡಿದೆ.