ಅತ್ತೆಯ ಸ್ಕೂಟರೂ ಮೂವತ್ತರ ಬೋರ್ಡೂ

ನಮ್ಮತ್ತೆಯ ಸ್ಕೂಟರನ್ನು ಒಂದು ಎತ್ತಿನ ಗಾಡಿ ಓವರ್‌ಟೇಕ್ ಮಾಡಿತು ಎಂದರೆ ನೀವು ನಂಬುವುದಿಲ್ಲ. ಹಿಂದಿನ ಸೀಟಿನಲ್ಲಿ ನಾನೇ ಕೂತಿರದಿದ್ದರೆ ನಾನೂ ನಂಬುತ್ತಿರಲಿಲ್ಲ! ಕಾಮಸಮುದ್ರದ ರಸ್ತೆ, ಹಾಡಹಗಲು. ಗಾಡಿ ಖಾಲಿಯಿತ್ತು, ಎತ್ತುಗಳು ಮನೆ ಕಡೆ ಹೊರಟಿದ್ದವು, ಪಕ್ಕದಲ್ಲಿ ಶಾಲೆಯ ಬೋರ್ಡೂ ಇತ್ತು. ಇವೆಲ್ಲ ಅತ್ತೆಯ ಪರವಾಗಿ ಹೇಳಬಹುದಾದ ಮಾತುಗಳು. ಆದರೆ ಗಾಡಿಯವನು ನಮ್ಮನ್ನು ದಾಟುವಾಗ ತಿರುಗಿ ನೋಡಿ, ಬಹಳ ಕನಿಕರದಿಂದ, ಪೆಟ್ರೋಲ್ ಮುಗಿದುಹೋಗಿದೆಯಾ ಎಂದು ಕೇಳಿದನಲ್ಲ, ಅದನ್ನು ಮಾತ್ರ ಈ ಜನ್ಮದಲ್ಲಿ ಮರೆಯಲಾರೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಆ ಕಾರ್ಖಾನೆಯ ಗೇಟಿನ ಒಳಗೆ ಯಾರೂ ಇಪ್ಪತ್ತು ಕಿಲೋಮೀಟರಿಗಿಂತ ಜೋರಾಗಿ ಗಾಡಿ ಓಡಿಸುವಂತಿಲ್ಲ. ಓಡಿಸಿದರೆ ಸೆಕ್ಯುರಿಟಿಯವನು ಸೀಟಿ ಊದಿ, ನಾಳೆಯಿಂದ ಗಾಡಿ ಹೊರಗೇ ಬಿಟ್ಟು ನಡೆದು ಬಾ ಎನ್ನುತ್ತಿದ್ದ. ಹಾಗಾಗಿ ಒಳಗೆ ಎಲ್ಲರೂ ಮದುವೆ ಮೆರವಣಿಗೆಯಲ್ಲಿ ಹೋಗುವವರಂತೆ ಹೋಗುತ್ತಿದ್ದರು. ಸಂಜೆ ಸೈರನ್ ಕೂಗಿ ಗೇಟು ದಾಟಿದ್ದೇ ತಡ, ಅದೇ ಜನ, ಅದೇ ಗಾಡಿ, ಬಿಟ್ಟ ಬಾಣ! ಗೇಟಿನ ಆಚೆಗೂ ನಿಧಾನದಲ್ಲೇ ಉಳಿದುಕೊಂಡವಳು ಅತ್ತೆ ಒಬ್ಬಳೇ. ಗೇಟಿನೊಳಗೆ ಇದ್ದ ಬುದ್ಧಿ ಆಚೆ ಬಂದಕೂಡಲೇ ಎಲ್ಲಿಗೆ ಹೋಗುತ್ತದೆ ಎಂಬುದು ಅವಳ ಪ್ರಶ್ನೆ. ನೀವು ಉತ್ತರ ಹೇಳಬಲ್ಲಿರಾ? ನನಗಂತೂ ಇವತ್ತಿಗೂ ಹೊಳೆದಿಲ್ಲ.

ಅವಳ ಸ್ಕೂಟರಿನ ಮೀಟರನ್ನು ನೀವು ಒಮ್ಮೆ ನೋಡಬೇಕು. ಮೂವತ್ತರ ತನಕದ ಅಂಕಿಗಳನ್ನು ಮುಳ್ಳು ಓಡಾಡಿ ಸವೆಸಿಬಿಟ್ಟಿದೆಯೇನೋ ಎಂಬ ಅನುಮಾನ ಬರುತ್ತದೆ. ಮೂವತ್ತರ ಆಚೆಯವು ಮಾತ್ರ ಶೋರೂಮಿನಿಂದ ತಂದಾಗ ಹೇಗಿದ್ದವೋ ಹಾಗೇ ಇವೆ, ಮಾರುವಾಗ ಒಳ್ಳೆ ಬೆಲೆ ಬರುತ್ತದೆ!

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಬಂಗಾರಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಬಸ್ಸು, ರೈಲು ಮತ್ತು ಅತ್ತೆಯನ್ನು ನಂಬಿ ಬದುಕುತ್ತಿರುವವನು. ಹೀಗೆ ನಂಬಿ ಒಮ್ಮೆ ಅವಳ ಜೊತೆ ಕಾಮಸಮುದ್ರದ ಹತ್ತಿರದ ಒಂದು ಮದುವೆಗೆ ಹೊರಟೆ. ಮುಹೂರ್ತ ನಮಗೆ ಸಿಗಲಿಲ್ಲ. ಊಟದ ಕೊನೆಯ ಪಂಕ್ತಿಯೂ ಸಿಗಲಿಲ್ಲ. ಆದರೆ ಹೂವಿನಿಂದ ಅಲಂಕಾರ ಮಾಡಿದ ಕಾರೊಂದು ಎದುರಿಗೆ ಬಂದಾಗ ಅತ್ತೆ ಕೈ ಅಡ್ಡ ಹಾಕಿ ನಿಲ್ಲಿಸಿದಳು. ಮದುಮಕ್ಕಳು ರಸ್ತೆಗಿಳಿದು ಅವಳ ಕಾಲಿಗೆ ಬಿದ್ದರು. ಅಕ್ಷತೆ ಎಲ್ಲಿಂದ ತರುವುದು? ದಾರಿಯಲ್ಲಿ ತಿನ್ನಲು ಅಂತ ಇಟ್ಟುಕೊಂಡಿದ್ದ ಕಡ್ಲೆಪುರಿಯನ್ನೇ ಹಾಕಿ ಹರಸಿ, ಅಲ್ಲಿಂದಲೇ ಗಾಡಿ ತಿರುಗಿಸಿದೆವು. ಈಗ ಅವರಿಗೆ ಇಬ್ಬರು ಮಕ್ಕಳು, ಸಂಸಾರ ಚೆನ್ನಾಗಿದೆ.

ಇಷ್ಟು ದಿನ ಅತ್ತೆ ತನ್ನ ಪಾಡಿಗೆ ತಾನು ನಿಧಾನವಾಗಿದ್ದಳು. ಊರನ್ನೇ ನಿಧಾನ ಮಾಡಿಸುವ ಹಟ ಹಿಡಿದದ್ದು ಮಾವನಿಗೆ ಸ್ಟ್ರೋಕ್ ಆದ ಮೇಲೆ.

ಮಾವ ಎಂದರೆ ಅವಳ ಗಂಡ. ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವರು, ಗಣಿ ಮುಚ್ಚುವ ತನಕವೂ ಇದ್ದವರು. ಅವರ ಮನೆ ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆ, ರಸ್ತೆಗೇ ಅಂಟಿಕೊಂಡಿದೆ. ರಸ್ತೆಯ ಆಚೆ ಬದಿಯಲ್ಲಿ ಒಂದು ಟೀ ಅಂಗಡಿ. ಅದರ ಬೆಂಚಿನ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ನಾಲ್ಕೈದು ಮಂದಿ ಹಳೇ ಗಣಿ ಕೆಲಸಗಾರರು ಸೇರುತ್ತಾರೆ. ಕನ್ನಡದಲ್ಲಿ ಶುರುವಾದ ಜಗಳ ತಮಿಳಿನಲ್ಲಿ ಏರಿ ತೆಲುಗಿನಲ್ಲಿ ರಾಜಿಯಾಗುತ್ತದೆ. ಮಾವನಿಗೆ ಆ ಬೆಂಚೇ ಪ್ರಪಂಚ. ಸ್ಟ್ರೋಕ್ ಆಗಿ ಬಲಗಾಲು ಎಳೆಯತೊಡಗಿದ ಮೇಲೆ ಆ ಪ್ರಪಂಚಕ್ಕೂ ಅವರಿಗೂ ನಡುವೆ ರಸ್ತೆ ಬಿದ್ದುಹೋಯಿತು. ಒಂದು ದಿನ ಅತ್ತೆ ಕೈ ಹಿಡಿದು ದಾಟಿಸಲು ಹೋದಳು. ನಡುವೆ ಇರುವಾಗ ಬೈಕೊಂದು ಮಾವನ ಊರುಗೋಲಿಗೆ ತಗುಲಿಕೊಂಡೇ ಹೋಯಿತು. ಮಾವ ವಾಪಸು ಬಂದು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಆಮೇಲೆ ದಾಟುವ ಮಾತೇ ಎತ್ತಲಿಲ್ಲ. ಅತ್ತೆ ಆ ಅಂಗಡಿಯ ಟೀಯನ್ನೇ ಫ್ಲಾಸ್ಕಿನಲ್ಲಿ ತಂದುಕೊಟ್ಟರೆ ಮಾವ ಎರಡು ಗುಟುಕು ಕುಡಿದು ಇಡುತ್ತಿದ್ದರು. ಆಚೆಯವರು ಕೈ ಬೀಸಿದರೆ ಇವರೂ ಎಡಗೈ ಎತ್ತುತ್ತಿದ್ದರು, ಅಷ್ಟೇ. ದಿನದಿಂದ ದಿನಕ್ಕೆ ಮಾತು ಕಮ್ಮಿಯಾಯಿತು. ನಡೆಯದೆ ಕೂತೇ ಇದ್ದರೆ ಆ ಕಾಲು ಪೂರ್ತಿ ಹೋಗಿಬಿಡುತ್ತದೆ ಎಂದು ಡಾಕ್ಟರು ಬೇರೆ ಹೇಳಿದ್ದರು. ಅತ್ತೆಗೆ ನಿದ್ದೆ ಹಾರಿಹೋಯಿತು.

ಸಿಟ್ಟು ಬರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವರ ಮನೆಯ ಮುಂದೆಯೇ 'ವೇಗಮಿತಿ ೩೦' ಎಂಬ ಬೋರ್ಡಿದೆ! ಅದು ಬಹಳ ಉಪಯೋಗಕ್ಕೆ ಬರುವ ಬೋರ್ಡು. ಪಕ್ಕದ ಮನೆಯವರು ಅದಕ್ಕೆ ಮೇಕೆ ಕಟ್ಟುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸಿನ ಒಂದು ತುದಿಯನ್ನು ಅದಕ್ಕೇ ಬಿಗಿಯುತ್ತಾರೆ. ಅದನ್ನು ಓದಿ ಗಾಡಿ ನಿಧಾನ ಮಾಡಬಹುದು ಎಂಬುದೊಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಬಾರ್ಲಾ, ಸ್ಟೇಷನ್‌ಗೆ ಓಗಿ ಕೇಳ್ಕಂಡು ಬರಾನ" ಎಂದಳು ಒಂದು ದಿನ. ಹೋದೆವು. ಎಎಸ್‌ಐ ಒಬ್ಬರಿದ್ದರು, ನಮ್ಮ ಕಡೆಯ ಹಳ್ಳಿಯವರೇ, ತಾಳ್ಮೆಯ ಮನುಷ್ಯ. ಕುರ್ಚಿ ಕೊಟ್ಟು ಕೂರಿಸಿದರು. ಬೋರ್ಡು ಹಾಕಿದ ಮೇಲೆ ಯಾಕೆ ಹಿಡಿಯುವುದಿಲ್ಲ, ಹಿಡಿಯುವುದಿಲ್ಲ ಅಂದಮೇಲೆ ಬೋರ್ಡು ಯಾಕೆ ಎಂದು ಅತ್ತೆ ನೇರವಾಗಿ ಕೇಳಿದಳು.

"ನೋಡಮ್ಮಾ, ಬೋರ್ಡಲ್ಲಿ ಮೂವತ್ತು ಅಂತೈತೆ. ನಲವತ್ತರಲ್ಲಿ ಬಂದ್ರೆ ಎರಡೂ ಕಣ್ಣು ಮುಚ್ಕೋತೀವಿ. ಐವತ್ತಕ್ಕೆ ಒಂದು ಕಣ್ಣು ತೆಗೀತೀವಿ. ಅರವತ್ತು ದಾಟಿದ್ರೆ ಹಿಡೀತೀವಿ."

"ಅಂಗಾದ್ರೆ ಬೋರ್ಡಲ್ಲೇ ಅರವತ್ತು ಅಂತ ಬರೀರಪ್ಪ."

"ಬರೆದ್ರೆ ತೊಂಬತ್ತರಲ್ಲಿ ಬತ್ತಾರಲ್ಲಮ್ಮಾ."

ಆಮೇಲೆ ಅವರು ಬಿಡಿಸಿ ಹೇಳಿದರು. ಮೂವತ್ತೊಂದರಲ್ಲಿ ಬಂದವರನ್ನೆಲ್ಲ ಹಿಡಿದರೆ ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆ ತನಕ ಗಾಡಿಗಳ ಸಾಲು ನಿಲ್ಲುತ್ತದೆ, ಆಂಬುಲೆನ್ಸಿಗೂ ದಾರಿಯಿರುವುದಿಲ್ಲ, ಕೋರ್ಟು ಬೇರೆ ಕೆಲಸ ಬಿಡಬೇಕಾಗುತ್ತದೆ. ಇರುವುದು ಹಿಡಿಯಷ್ಟು ಪೊಲೀಸರು. ಅವಸರಕ್ಕೆ ಆಸ್ಪತ್ರೆಗೆ ಓಡುವವನನ್ನೂ ಮೀಸೆ ತಿರುವಲು ಓಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುವುದಿಲ್ಲ. ಕಾನೂನನ್ನು ಸ್ವಲ್ಪ ಸಡಿಲ ಬಿಟ್ಟರೇ ಅದು ಹರಿಯದೆ ಉಳಿಯುತ್ತದಂತೆ. ಕೇಳುತ್ತಾ ಕೇಳುತ್ತಾ ನನಗೆ ರಾಬರ್ಟ್‌ಸನ್‌ಪೇಟೆಯ ಸೀರೆ ಅಂಗಡಿ ನೆನಪಾಯಿತು. ಅಂಗಡಿಯವನು ಹೇಳುವ ಮೊದಲ ಬೆಲೆಗೆ ಯಾರಾದರೂ ಕೊಳ್ಳುತ್ತಾರಾ? ಕೊಂಡರೆ ಅವನಿಗೇ ಗಾಬರಿಯಾಗುತ್ತದೆ. ಬೋರ್ಡಿನ ಮೇಲಿನ ಮೂವತ್ತೂ ಹಾಗೇ ಇರಬೇಕು, ಸರ್ಕಾರ ಹೇಳುವ ಮೊದಲ ಬೆಲೆ. ಉಳಿದದ್ದು ಚೌಕಾಸಿ. ತಮಾಷೆಯೆಂದರೆ ಬದನೆಕಾಯಿಯವಳ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡುವ ನಮ್ಮತ್ತೆ, ಸರ್ಕಾರದ ಹತ್ತಿರ ಮಾತ್ರ ಹೇಳಿದ ಬೆಲೆ ಕೊಟ್ಟು ಬರುತ್ತಾಳೆ!

ಒಮ್ಮೆ ಬಂದು ನೋಡುತ್ತೇನೆ ಎಂದು ನಮ್ಮನ್ನು ಕಳಿಸಿದ ಎಎಸ್‌ಐ ಮಾತು ತಪ್ಪಲಿಲ್ಲ. ಮಾರನೆಯ ದಿನವೇ ಮನೆ ಹತ್ತಿರ ಬಂದರು. ಬೋರ್ಡನ್ನು ಹುಡುಕಿದರು. ಸಿಗಲಿಲ್ಲ.

"ಅಮ್ಮಾ, ಜನ ಓದಬೇಕು ಅಂದ್ರೆ ಬೋರ್ಡ್ ಕಾಣಿಸ್ಬೇಕಲ್ಲ. ಅದರ ಮೇಲೆ ನಿಮ್ಮ ಸೀರೆ ಒಣಗ್ತಾ ಐತೆ."

ಸರ್ಕಾರಿ ಕಂಬಕ್ಕೆ ಹಗ್ಗ ಕಟ್ಟುವುದೂ ತಪ್ಪೇ ಎಂದು ಅವರು ಮೆಲ್ಲಗೆ ಸೇರಿಸಿದರು. ಅತ್ತೆ ಸೀರೆಯನ್ನು ಮುಟ್ಟಿ ನೋಡಿ, ಇನ್ನೊಂದು ಸ್ವಲ್ಪ ಹಸಿ ಇದೆ, ಅಲ್ಲಿ ತನಕ ಬಿಡಿ ಎಂದಳು. ಅವರು ಎರಡೂ ಕಣ್ಣು ಮುಚ್ಚಿಕೊಂಡರು.

ಆವತ್ತು ಅವರು ನಿಂತಿದ್ದಷ್ಟು ಹೊತ್ತು ರಸ್ತೆ ದೇವಸ್ಥಾನದ ಪ್ರಾಕಾರದಂತಿತ್ತು. ಮಾವ ಕುರ್ಚಿಯ ಹಿಡಿಕೆಯ ಮೇಲೆ ಕೈಯೂರಿ ಏಳಲು ನೋಡಿದರು. ಅಷ್ಟರಲ್ಲಿ ಎಲ್ಲೋ ಬಂದೋಬಸ್ತು ಎಂದು ಫೋನ್ ಬಂತು, ಎಎಸ್‌ಐ ಹೊರಟರು. ಅವರ ಬೈಕು ತಿರುವು ದಾಟುವ ಮೊದಲೇ ರಸ್ತೆ ಮೊದಲಿನಂತಾಯಿತು. ಮಾವ ಮತ್ತೆ ಕೂತರು. ಅತ್ತೆಯ ಮುಖ ನೋಡಲಾಗಲಿಲ್ಲ ನನಗೆ.

ದಾರಿ ತೋರಿಸಿದವನು ಒಬ್ಬ ಅಪರಿಚಿತ. ಆಮೇಲೊಂದು ದಿನ ಅತ್ತೆ ನನ್ನನ್ನು ಅಂಗಡಿಗೆ ಬಿಡಲು ಬಂಗಾರಪೇಟೆಗೆ ಕರೆದುಕೊಂಡು ಹೋಗುತ್ತಿದ್ದಳು. ಎದುರಿನಿಂದ ಬಂದ ಬೈಕಿನವನು ಲೈಟನ್ನು ಚಕ್ ಚಕ್ ಎಂದು ಎರಡು ಸಲ ಹಾಕಿ ಆರಿಸಿ ಹೋದ. ಆ ಹುಡುಗನಿಗೇನು ಕಣ್ಣು ಹೊಡೆಯುವ ಚಾಳಿಯಾ ಎಂದು ಅತ್ತೆ ಕೇಳಿದಳು. ನಮ್ಮ ರಸ್ತೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಆ ಪದ್ಧತಿ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವಾದರೂ ಯಾವತ್ತು ಬಂದಿತ್ತು? ಮುಂದೆ ಪೊಲೀಸರು ನಿಂತಿದ್ದಾರೆ ಹುಷಾರು ಅಂತ ಅರ್ಥ, ಎದುರಿಗೆ ಬರುವವರಿಗೆ ಹೀಗೆ ಹೇಳುವುದು ವಾಡಿಕೆ ಎಂದು ವಿವರಿಸಿದೆ. ಅತ್ತೆ ಗಾಡಿ ನಿಲ್ಲಿಸಿಬಿಟ್ಟಳು. ನಿಲ್ಲಿಸಿದ್ದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಓಡುತ್ತಿದ್ದಾಗಲೂ ಹೆಚ್ಚುಕಮ್ಮಿ ಹಾಗೇ ಇತ್ತಲ್ಲ.

ಮರುದಿನ ಬೆಳಿಗ್ಗೆಯಿಂದ ಶುರು. ಮನೆಯಿಂದ ಸ್ವಲ್ಪ ದೂರ ಒಂದು ಕಡೆಗೆ ಹೋಗುವುದು, ತಿರುಗುವುದು, ಮನೆ ದಾಟಿ ಇನ್ನೊಂದು ಕಡೆಗೆ ಹೋಗುವುದು. ಎದುರಿಗೆ ಬಂದವರಿಗೆಲ್ಲ ಚಕ್ ಚಕ್! ಅಬ್ಬಬ್ಬಾ, ಏನು ಹೇಳಲಿ ಆ ವೈಭವವನ್ನು! ಬೈಕಿನ ಟ್ಯಾಂಕಿನ ಮೇಲೆ ಕೂತಿದ್ದ ಹೆಲ್ಮೆಟ್ಟುಗಳು ತಲೆಗೆ ಏರಿದವು. ಮೂವರಿದ್ದ ಬೈಕಿನಿಂದ ಮೂರನೆಯವನು ಇಳಿದು, ಹುಟ್ಟಿದಾಗಿನಿಂದ ನಡೆದೇ ಬರುತ್ತಿರುವವನಂತೆ ನಡೆಯತೊಡಗಿದ. ಆಟೋದವನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಖಾಕಿ ಅಂಗಿ ತೊಟ್ಟ. ಎಲ್ಲರೂ ಇಪ್ಪತ್ತೈದು ಮೂವತ್ತರಲ್ಲಿ, ಕತ್ತು ಉದ್ದ ಮಾಡಿಕೊಂಡು, ಪೊಲೀಸರನ್ನು ಹುಡುಕುತ್ತಾ ಬಂದರು.

ಪೊಲೀಸರೆಲ್ಲಿ? ಕಂಡದ್ದು ಗೇಟಿನ ಬಳಿ ಕುರ್ಚಿಯ ಮೇಲೆ, ಮಂಕಿ ಕ್ಯಾಪ್ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ಬಂದವರನ್ನೆಲ್ಲ ಒಂದೇ ಸಮ ದಿಟ್ಟಿಸುತ್ತಿದ್ದ ನಮ್ಮ ಮಾವ.

ವಾರ ಕಳೆಯುವುದರೊಳಗೆ ಸುದ್ದಿ ರಾಬರ್ಟ್‌ಸನ್‌ಪೇಟೆಯ ಆಟೋ ಸ್ಟ್ಯಾಂಡಿಗೆ ಹೋಗಿತ್ತು. ಮೈಸೂರು ಮೈನ್ಸ್ ರಸ್ತೆಯಲ್ಲಿ ಮಫ್ತಿಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಕೂರುತ್ತಾನೆ, ಬೆಂಗಳೂರಿನಿಂದ ಹಾಕಿದ್ದಾರೆ, ಯಾರ ಜೊತೆಯೂ ಮಾತಾಡುವುದಿಲ್ಲ, ಬರೀ ನಂಬರ್ ನೋಡಿ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾನೆ! ಕೆಲವರು ಹೋಗುತ್ತಾ ಸಲಾಮು ಹೊಡೆಯತೊಡಗಿದರು. ಮಾವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ದಿನಾ ಶೇವ್ ಮಾಡಿಸಿಕೊಂಡು ಕೂರತೊಡಗಿದರು.

ಇದು ಸುಳ್ಳಲ್ಲವೇನತ್ತೆ, ಕಾನೂನು ಕಾನೂನು ಅನ್ನುವವಳು ನೀನು ಎಂದು ನಾನು ಕೆಣಕಿದೆ.

"ನಾನೇನ್ ಪೊಲೀಸವ್ರೆ ಅಂದ್ನೇನ್ಲಾ? ಲೈಟ್ ಆಕ್ದೆ, ಆರಿಸ್ದೆ. ಅವರ ಎದೇಲಿ ಕಳ್ಳ ಇದ್ರೆ ನಾನೇನ್ಲಾ ಮಾಡ್ಲಿ."

ಸುದ್ದಿ ತಿರುಗಿ ತಿರುಗಿ ಎಎಸ್‌ಐ ಕಿವಿಗೂ ಬಿತ್ತು. ಬಂದರು, ಆಚೆ ಬದಿಯಲ್ಲಿ ಟೀ ಕುಡಿಯುತ್ತಾ ನಿಂತು ಎಲ್ಲವನ್ನೂ ನೋಡಿದರು. ಬೈದಾರು ಎಂದು ನಾನು ಹೆದರಿದ್ದೆ. ಇದಕ್ಕೂ ಒಂದು ಕಣ್ಣು ಮುಚ್ಚಿಕೊಳ್ಳಬಹುದು ಎಂದಷ್ಟೇ ಹೇಳಿ ಹೋದರು.

ಆದರೆ ಕೆಜಿಎಫ್‌ನಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಟೀ ಅಂಗಡಿಯ ಬೆಂಚಿನವರೇ ಒಬ್ಬ ಆಟೋದವನಿಗೆ, ಅವನು ಯಾವ ಆಫೀಸರೂ ಅಲ್ಲಪ್ಪ, ನಮ್ಮ ಜೊತೆ ಗಣಿಯಲ್ಲಿದ್ದವನು, ರಸ್ತೆ ದಾಟಲಾರದೆ ಕೂತಿದ್ದಾನೆ ಎಂದು ಹೇಳಿಬಿಟ್ಟರಂತೆ. ನಾನು ಹೋದಾಗ ಅತ್ತೆ ಸ್ಕೂಟರನ್ನು ಗೋಡೆಗೆ ಒರಗಿಸಿ ಸುಮ್ಮನೆ ನಿಂತಿದ್ದಳು. ಎಲ್ಲರಿಗೂ ಗೊತ್ತಾಗಿಹೋಗಿದೆ, ಇನ್ನು ಲೈಟ್ ಹಾಕಿ ಏನು ಪ್ರಯೋಜನ ಎಂದಳು. ಅವಳು ಅಷ್ಟು ಸೋತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅದೇ ಹೊತ್ತಿಗೆ ಮಾವ ಎದ್ದರು.

ಯಾರನ್ನೂ ಕರೆಯಲಿಲ್ಲ. ಕೋಲೂರಿಕೊಂಡು ಗೇಟು ದಾಟಿ ರಸ್ತೆಯ ಅಂಚಿಗೆ ಬಂದು ನಿಂತರು. ಅತ್ತೆ ಓಡಲು ಹೋದವಳು ಅರ್ಧಕ್ಕೇ ನಿಂತು ನನ್ನ ಮೊಣಕೈ ಹಿಡಿದುಕೊಂಡಳು. ಆ ಕಡೆಯಿಂದ ಒಂದು ಆಟೋ ಬರುತ್ತಿತ್ತು, ಜೋರಾಗಿಯೇ ಬರುತ್ತಿತ್ತು. ಮಾವನನ್ನು ಕಂಡು ನಿಂತಿತು. ಅದರ ಹಿಂದೆ ಟೆಂಪೋ ನಿಂತಿತು. ಈ ಕಡೆಯಿಂದ ಬಂದ ಬೈಕಿನವನು ಕಾಲು ಕೆಳಗೂರಿ ನಿಂತ. ಮಾವ ಬಲಗಾಲನ್ನು ಎಳೆಯುತ್ತಾ ಹೊರಟರು. ನಡುರಸ್ತೆಗೆ ಬಂದಾಗ ಏದುಸಿರು ಬಿಡುತ್ತಾ ನಿಂತುಬಿಟ್ಟರು. ನನ್ನ ಮೊಣಕೈ ನೋಯುತ್ತಿತ್ತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಆಟೋದವನು ತಲೆ ಹೊರಗೆ ಹಾಕಿ ಅವನಿಗೆ ಕೈಯಲ್ಲೇ ಸುಮ್ಮನಿರು ಎಂದು ತೋರಿಸಿ, ಮಾವನ ಕಡೆ ತಿರುಗಿದ.

"ಮೆಲ್ಲ ವಾಂಗ ತಾತಾ, ಮೆಲ್ಲಗೇ ಬನ್ನಿ. ಯಾವ ಅವಸರಾನೂ ಇಲ್ಲ."

ಅವನು ಪೊಲೀಸನಿಗೆ ಹೆದರಿ ನಿಂತವನಲ್ಲ. ಬೆಂಚಿನವರು ಗುಟ್ಟು ಹೇಳಿದ್ದೇ ಅವನಿಗೆ ಎಂದು ಆಮೇಲೆ ತಿಳಿಯಿತು. ಮಾವ ಆಚೆ ಬದಿ ಸೇರಿದರು. ಬೆಂಚಿನ ಮೇಲಿದ್ದವರು ಒಬ್ಬರಿಗೊಬ್ಬರು ಒತ್ತಿಕೊಂಡು ಜಾಗ ಮಾಡಿದರು. ಯಾರೂ ಶಹಬ್ಬಾಸ್ ಎನ್ನಲಿಲ್ಲ, ಕೈ ತಟ್ಟಲಿಲ್ಲ. ಒಬ್ಬರು ಬೈದರು, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು. ಮಾವ ತಿರುಗಿ ಬೈದರು. ಎಷ್ಟೋ ದಿನದ ಮೇಲೆ ಅವರ ದನಿ ರಸ್ತೆ ದಾಟಿ ನಮ್ಮ ತನಕ ಕೇಳಿಸಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಏನಾದರೂ ಹೇಳಬೇಕಲ್ಲ ಎಂದು, ಒಳಗೆ ನಡಿ ಅತ್ತೆ, ಬಿಸಿಲು ಎಂದೆ.

"ಸ್ಟ್ರೋಕ್ ಆದಾಗಿಂದ ಒಂದಿನಾನೂ ನೆಮ್ಮದಿಯಾಗಿ ಮಲಗಿರಲಿಲ್ಲ ಕಣ್ಲಾ. ಇವತ್ತು ಒಬ್ಳೇ ಕಾಲು ಚಾಚ್ಕಂಡು ನಿದ್ದೆ ಮಾಡ್ತೀನಿ. ಎಷ್ಟೊತ್ತು ಬೇಕಾದ್ರೂ ಕೂತಿರಲಿ ನಿಮ್ಮಾವ."

ಹಾಗೆಂದವಳು ಒಳಗೆ ಹೋಗಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು, ಆಚೆ ಬದಿಯನ್ನೇ ನೋಡುತ್ತಾ, ಮಾವ ವಾಪಸು ಬರುವುದನ್ನು ಕಾಯತೊಡಗಿದಳು.