ಮರಕ್ಕೆ ಅಳತೆ ತೆಗೆದ ಟೇಲರು

“ನೀವೇನೂ ಮಾಡ್ಬೇಡಿ ಭಾವ” ಅನ್ನುವ ಒಂದು ಮಾತು ಕಿವಿಗೆ ಬೀಳದೇ ಹೋಗಿದ್ದರೆ, ಆ ದಿನ ಟೇಲರು ನಿಜಕ್ಕೂ ಏನೂ ಮಾಡುತ್ತಿರಲಿಲ್ಲ.

ಮಾತು ಬಂದದ್ದು ಬೆಳಗ್ಗೆ ಫೋನಿನಲ್ಲಿ. ಮಂಡಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ ಅವರ ಹೆಂಡತಿಯನ್ನು ಸಂಜೆ ಮನೆಗೆ ಕಳಿಸುತ್ತಾರಂತೆ. ಕರೆದುಕೊಂಡು ಬರುವವನು ಅವಳ ತಮ್ಮ, ಲಾರಿ ಡ್ರೈವರು. “ಮಂಡಿ ಬೆಚ್ಚಗಿಟ್ಕೊಳ್ಳಿ ಅಂದಿದ್ದಾರೆ ಡಾಕ್ಟರು. ನಾನು ನನ್ನ ಮೆಷಿನ್ ತಂದು, ಹಿತ್ತಲಲ್ಲಿ ಬಿದ್ದಿರೋ ಮರ ಕತ್ತರಿಸಿ, ಅಕ್ಕನಿಗೆ ಒಲೆ ಹಚ್ಚಿಕೊಟ್ಟೇ ಹೋಗ್ತೀನಿ. ನೀವೇನೂ ಮಾಡ್ಬೇಡಿ ಭಾವ.”

ಒಲೆ ಅಂದರೆ ಅಡುಗೆಯದಲ್ಲ. ನಡುಮನೆಯ ಮೂಲೆಯಲ್ಲಿ ಕಬ್ಬಿಣದ್ದೊಂದು ಒಲೆ ಇತ್ತು. ಕಟ್ಟಿಗೆ ತುಂಬಿ ಬಾಗಿಲು ಹಾಕಿದರೆ ಮನೆಯೆಲ್ಲ ಬೆಚ್ಚಗೆ, ಬಾಗಿಲು ತೆರೆದಿದ್ದರೆ ಮನೆಯೆಲ್ಲ ಹೊಗೆ. ಪ್ರತಿ ಚಳಿಗಾಲಕ್ಕೂ ಅದಕ್ಕೆ ಕಟ್ಟಿಗೆ ಕತ್ತರಿಸಿಕೊಡುವವನು ಈ ಭಾವಮೈದುನನೇ. ಅವನು ಕತ್ತರಿಸುವುದರ ಬಗ್ಗೆ ಟೇಲರಿಗೆ ತಕರಾರಿರಲಿಲ್ಲ. ಕತ್ತರಿಸಿ ಮುಗಿಸಿ, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ “ಸೂಜಿ ಹಿಡಿಯೋ ಕೈಗೆ ಇದೆಲ್ಲ ಆಗಲ್ಲ ಬಿಡಿ” ಅನ್ನುತ್ತಿದ್ದನಲ್ಲ, ಅದು ಮುಂದಿನ ಚಳಿಗಾಲದವರೆಗೂ ಚುಚ್ಚುತ್ತಿತ್ತು. ಹೆಂಡತಿ ಅದಕ್ಕೆ ನಗುತ್ತಿದ್ದಳು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ನಕ್ಕವಳಲ್ಲ, ಆದರೂ ನಗು ನಗುವೇ.

ಹಿಂದಿನ ದಿನ ಟೇಲರು ಆಸ್ಪತ್ರೆಯಲ್ಲಿ ಅವಳಿಗೆ ಹಳೆಯ ನೀಲಿ ಕೋಟು ಹೊದಿಸಿ ಬಂದಿದ್ದರು. ಮದುವೆಯಾದ ಹೊಸದರಲ್ಲಿ ತಾವೇ ಹೊಲಿದುಕೊಟ್ಟ ಕೋಟು. “ಮನೆಗೆ ಹೋದ ಕೂಡ್ಲೇ ಒಲೆ ಮುಂದೆ ಕೂತ್ಕೋಬೇಕು ಅನ್ಸುತ್ತೆ ಕಣ್ರೀ” ಅಂದಿದ್ದಳು. ಅದು ಟೇಲರಿಗೆ ನೆನಪಾಯಿತು. ಅವಳು ಕೂರುವ ಒಲೆಯಲ್ಲಿ ಉರಿಯುವ ಕಟ್ಟಿಗೆ ಈ ಒಂದು ಸಲವಾದರೂ ತನ್ನ ಕೈಯದಾಗಿರಬೇಕು ಅಂದುಕೊಂಡರು. ಫೋನ್ ಇಟ್ಟು, ಕತ್ತಿನಲ್ಲಿ ಸದಾ ನೇತಾಡುವ ಟೇಪನ್ನು ಸರಿಮಾಡಿಕೊಂಡು ಹಿತ್ತಲಿಗೆ ಹೋದರು.

ಒಣಗಿ ಒಣಗಿ ಕೊನೆಗೆ ಗಾಳಿಗೆ ಉರುಳಿದ್ದ ಮರ ಎರಡು ಕಲ್ಲುಗಳ ಮೇಲೆ ಮಲಗಿತ್ತು. ಟೇಲರು ಅದರ ಕೆಳಗಿನಿಂದ ಟೇಪು ತೂರಿಸಿ, ಬಳಸಿ ತಂದು, ಒಂದು ಬೆರಳು ಸಡಿಲ ಬಿಟ್ಟು ಓದಿದರು. ನಲವತ್ತನಾಲ್ಕು ಇಂಚು.

“ನನ್ನ ಸೊಂಟದಷ್ಟೇ” ಅಂತ ಬೇಲಿಯಾಚೆಯಿಂದ ದನಿ ಬಂತು. ಪಕ್ಕದ ಮನೆಯವರು, ನಿವೃತ್ತ ಬಸ್ ಕಂಡಕ್ಟರು. ಕೆಲಸ ಬಿಟ್ಟರೂ ಜನರನ್ನು ಮುಂದಕ್ಕೆ ತಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಟೇಲರು ಮರ ಕತ್ತರಿಸುವ ಮೆಷಿನ್ ಕೊಳ್ಳಲು ಹೊರಟಿದ್ದು ಕೇಳಿ, “ಗರಗಸದ ಮೆಷಿನ್ ತಾನೆ? ಇಪ್ಪತ್ತನಾಲ್ಕು ಇಂಚಿಂದೇ ತಗೊಳ್ಳಿ. ದೊಡ್ಡದು ಸಣ್ಣ ಕೆಲಸಾನೂ ಮಾಡುತ್ತೆ. ನಡೀರಿ, ನಾನೂ ಬರ್ತೀನಿ” ಅಂದರು.

ಬೀದಿಯ ತಿರುವಿನಲ್ಲಿ ಬೇಕರಿಯಕ್ಕ ಬ್ರೆಡ್ಡಿನ ತಟ್ಟೆ ಜೋಡಿಸುತ್ತಿದ್ದಳು. “ಇಪ್ಪತ್ತನಾಲ್ಕಾ? ಟೇಲರಣ್ಣ, ನಿಮ್ಮ ತೋಳು ನೀವೇ ಅಳತೆ ಮಾಡ್ಕೊಂಡಿಲ್ವಾ? ಹನ್ನೆರಡು ಇಂಚು ಸಾಕು, ಹಗುರ ಇರುತ್ತೆ” ಅಂದಳು. ಕಂಡಕ್ಟರು ಒಪ್ಪಲಿಲ್ಲ. ಅವಳು ಅಂಗಡಿಯನ್ನು ಗಂಡನಿಗೆ ವಹಿಸಿ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಜೊತೆಗೇ ಹೊರಟಳು. ಟೇಲರ ಮಟ್ಟಿಗೆ ಎರಡೂ ಮಾತು ಅಸಂಬದ್ಧ. ಅಳತೆ ಅವರ ಬಳಿ ಇತ್ತು.

ಮೆಷಿನ್ ಅಂಗಡಿಯಾಕೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನಿಂತಿದ್ದಳು. ಗೋಡೆಯ ತುಂಬ ಗರಗಸಗಳು. ಒಂದೊಂದರ ಮುಂದೆಯೂ ಕತ್ತಿಯ ಹಾಗೆ ಚಾಚಿದ ಪಟ್ಟಿ, ಅದರ ಅಂಚಿನಲ್ಲಿ ಹಲ್ಲಿನ ಚೈನು. ಆ ಪಟ್ಟಿಗೆ ಬಾರ್ ಅನ್ನುತ್ತಾರೆ ಅಂತ ಅವಳೇ ಹೇಳಿ, “ಎಷ್ಟು ಇಂಚಿನ ಬಾರ್ ಕೊಡ್ಲಿ?” ಅಂತ ಕೇಳಿದಳು.

“ನಲವತ್ತನಾಲ್ಕು” ಅಂದರು ಟೇಲರು.

ಅಂಗಡಿಯಾಕೆ ಪೆನ್ಸಿಲನ್ನು ಕಿವಿಯಿಂದ ತೆಗೆದಳು. “ಯಾವ ಮರ ಸ್ವಾಮಿ? ಒಳಗೆ ಜನ ವಾಸ ಮಾಡ್ತಾರಾ?”

“ಹಿತ್ತಲಲ್ಲಿ ಬಿದ್ದಿರೋದು. ನಾನೇ ಅಳತೆ ತೆಗೆದಿದ್ದೀನಿ.”

“ಹೇಗೆ ತೆಗೆದ್ರಿ?”

ಟೇಲರು ಕಂಡಕ್ಟರನ್ನು ಹತ್ತಿರ ಕರೆದು, ತೋಳು ಎತ್ತಿಸಿ, ಸೊಂಟದ ಸುತ್ತ ಟೇಪು ತಂದು ತೋರಿಸಿದರು. “ಹೀಗೆ. ಉಸಿರು ಒಳಗೆ ಎಳ್ಕೋಬೇಡಿ, ಆಮೇಲೆ ಗುಂಡಿ ಹಾಕೋಕೆ ಕಷ್ಟ.”

ಅಂಗಡಿಯಾಕೆ ನಗು ತಡೆದುಕೊಳ್ಳಲು ಬೇರೆ ಕಡೆ ನೋಡಿದಳು. “ಅಂಗಿ ಹೊಲಿಯೋದಾದ್ರೆ ಇದು ಸರಿ. ಇವರನ್ನ ಕತ್ತರಿಸೋದಾದ್ರೆ ಸುತ್ತಳತೆ ತಗೊಂಡು ಏನ್ ಮಾಡ್ತೀರಿ? ಈ ಕಡೆಯಿಂದ ಆ ಕಡೆಗೆ ಎಷ್ಟು ದಪ್ಪ ಅನ್ನೋದು ಮುಖ್ಯ.” ಕಂಡಕ್ಟರು ಸದ್ದಿಲ್ಲದೆ ತೋಳು ಇಳಿಸಿಕೊಂಡರು. ಅವಳು ರಟ್ಟಿನ ಮೇಲೆ ಲೆಕ್ಕ ಮಾಡಿದಳು. ಸುತ್ತ ನಲವತ್ತನಾಲ್ಕು ಅಂದರೆ ಅಡ್ಡಕ್ಕೆ ಹದಿನಾಲ್ಕು. “ದಪ್ಪಕ್ಕಿಂತ ಬಾರ್ ಎರಡಿಂಚು ಜಾಸ್ತಿ ಇರಬೇಕು. ಹದಿನಾರು ತಗೊಳ್ಳಿ.”

ಅಲ್ಲಿಯವರೆಗೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಟೇಲರಿಗೆ ಈ ಮಾತು ಕೇಳಿ ಜೀವ ಬಂತು. “ಎರಡಿಂಚು ಜಾಸ್ತಿ. ಅಂದ್ರೆ ನಾವು ಬಟ್ಟೆ ಕತ್ತರಿಸುವಾಗ ಅಳತೆಗಿಂತ ಜಾಸ್ತಿ ಹೊಲಿಗೆಗೆ ಬಿಟ್ಟ ಹಾಗೆ” ಅಂದರು. ಗೊತ್ತಿಲ್ಲದ ಊರಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷ. ಅಂಗಡಿಯಾಕೆ, ಏನಾದರೂ ಅಂದುಕೊಳ್ಳಲಿ ಅಂತ ತಲೆಯಾಡಿಸಿದಳು.

ಎಂಜಿನ್ನು ಯಾವುದು ಅನ್ನುವುದಕ್ಕೆ ಮತ್ತೆ ಚರ್ಚೆ. ಕಂಡಕ್ಟರು ತೋರಿಸಿದ ದೊಡ್ಡದನ್ನು ಟೇಲರು ಎತ್ತಿದರು, ಅದು ಅವರನ್ನೇ ನೆಲಕ್ಕೆ ಎಳೆಯಿತು. ಬೇಕರಿಯಕ್ಕ ಮೆಚ್ಚಿದ ಪುಟಾಣಿ ಮೆಷಿನ್ನು ಹದಿನಾರರ ಬಾರ್ ಹಾಕಿದರೆ ಏದುಸಿರು ಬಿಡುತ್ತದೆ ಅಂದಳು ಅಂಗಡಿಯಾಕೆ. “ಮಧ್ಯಮದ್ದು ತಗೊಳ್ಳಿ. ಎತ್ಕೊಂಡಿರೋ ಮಗು ಥರ, ಭಾರ ಗೊತ್ತಾಗೋದು ಸಂಜೆಗೇ.” ಟೇಲರು ಮಧ್ಯಮದ್ದನ್ನು ಹಿಡಿದು ಕನ್ನಡಿಯ ಮುಂದೆ ನಿಂತರು, ಹಿಂದೆ ತಿರುಗಿದರು, ಮೊಣಕೈ ಮಡಚಿ ನೋಡಿದರು. ಗಿರಾಕಿಗಳಿಗೆ ಅವರು ಮಾಡಿಸುವ ಟ್ರಯಲ್ ಹೀಗೆಯೇ ಇರುತ್ತಿತ್ತು. “ಕೂರ್ತಾ ಇದೆ” ಅಂದರು.

ಜೊತೆಗೆ ಹೆಲ್ಮೆಟ್ಟು, ಕೈಗವಸು, ಕಾಲಿಗೆ ಚೈನು ತಾಗದಂತೆ ದಪ್ಪ ಪದರದ ಪ್ಯಾಂಟು. ದಾರಿಯಲ್ಲೇ ಭಾವಮೈದುನನಿಗೆ ಫೋನ್ ಮಾಡಿದರು. “ನಿನ್ನ ಮೆಷಿನ್ ತರೋ ತೊಂದರೆ ತಗೋಬೇಡ. ನಾನೇ ಕತ್ತರಿಸ್ತಾ ಇದ್ದೀನಿ” ಅಂದರು. “ನೀವಾ ಭಾವ?” ಅಂತ ಅವನು ಎರಡು ಸಲ ಕೇಳಿದ. ಟೇಲರು ಅಂಥ ಸುಖವನ್ನು ಬಹಳ ದಿನದಿಂದ ಅನುಭವಿಸಿರಲಿಲ್ಲ.

ಮನೆಗೆ ಬಂದು ಪ್ಯಾಂಟು ಹಾಕಿಕೊಂಡರೆ ಅಂಗೈಯಷ್ಟು ಉದ್ದ ಜಾಸ್ತಿ. ಮಡಚಿಕೊಳ್ಳಿ ಅಂದರು ಕಂಡಕ್ಟರು. ಮಡಚಿದ ಪ್ಯಾಂಟಿನಲ್ಲಿ ಟೇಲರೊಬ್ಬ ಹೊರಗೆ ಬರುವುದುಂಟೆ? ಹೊಲಿಗೆ ಯಂತ್ರದ ಮುಂದೆ ಕೂತು ಅಂಚು ಹೊಲಿದರು. ಹಾಗೇ ಜೇಬಿನ ಹೊಲಿಗೆ ಕಣ್ಣಿಗೆ ಬಿತ್ತು, ಅದನ್ನೂ ಬಿಚ್ಚಿ ಮತ್ತೆ ಹೊಲಿದರು. ಹಿತ್ತಲಲ್ಲಿ ಕಾಯುತ್ತಿದ್ದ ಇಬ್ಬರು ಬೇಕರಿಯಿಂದ ಬನ್ನು ತರಿಸಿ ತಿಂದು ಮುಗಿಸುವಷ್ಟು ಹೊತ್ತು ಅದಕ್ಕೇ ಹೋಯಿತು.

ಆಮೇಲೆ ಮೆಷಿನ್ನು ಹೊರಡಲಿಲ್ಲ. ಟೇಲರು ಹಗ್ಗ ಎಳೆದರು, ಕಂಡಕ್ಟರು ಎಳೆದರು. “ಹೋಗ್ಲಿ, ರೈಟ್” ಅಂತ ಹೇಳಿದರೂ ಅದು ಹೋಗಲಿಲ್ಲ. ಬೇಕರಿಯಕ್ಕ ಹತ್ತಿರ ಬಂದು ಬಗ್ಗಿ ನೋಡಿ, “ಸ್ವಿಚ್ಚು ಆಫ್ ಅಂತ ಇದೆಯಲ್ಲ, ಅದನ್ನ ಆನ್ ಮಾಡಿದ್ರೆ ಏನಾಗುತ್ತೆ?” ಅಂತ ಕೇಳಿದಳು. ಮಾಡಿದರು. ಮೆಷಿನ್ನು ಗುರ್ರೆಂದಿತು. ಕಂಡಕ್ಟರು ಬೇಲಿ ದಾಟಿ ತಮ್ಮ ಮನೆಯ ಕಡೆಗೇ ಹೋಗಿ ನಿಂತರು.

ಮೆಷಿನ್ ಆರಿಸಿಟ್ಟು, ಒಳಗೆ ಹೋಗಿ ಟೇಲರು ಒಲೆಯ ಹೊಟ್ಟೆಗೆ ಟೇಪು ಇಳಿಸಿ ಉದ್ದ ನೋಡಿಕೊಂಡು ಬಂದರು. ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು ಮರದ ಉದ್ದಕ್ಕೂ ಅಡ್ಡಗೆರೆಗಳನ್ನು ಎಳೆದರು. ಜೀವಮಾನವಿಡೀ ಮಾಡಿದ ಕೆಲಸ, ಕಣ್ಣು ಮುಚ್ಚಿದರೂ ಕೈ ತಪ್ಪುವಂಥದ್ದಲ್ಲ. ಮತ್ತೆ ಹಗ್ಗ ಎಳೆದು, ಗೆರೆಯ ಮೇಲೆ ಬಾರ್ ಇಟ್ಟರು. ಹೊಟ್ಟು ಹಾರಿತು, ಮೊದಲ ತುಂಡು ದೊಪ್ಪನೆ ಬಿತ್ತು. ಎರಡು ಕಡೆಯೂ ನೇರ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಟೇಲರು ಹೆಲ್ಮೆಟ್ ಎತ್ತಿ ಅದನ್ನೇ ನೋಡುತ್ತಾ ನಿಂತರು.

ಮಧ್ಯಾಹ್ನವೆಲ್ಲ ಅವರು ಕತ್ತರಿಸಿದರು, ಕಂಡಕ್ಟರು ಕೊಡಲಿಯಿಂದ ಸೀಳಿದರು, ಬೇಕರಿಯಕ್ಕ ಬ್ರೆಡ್ಡು ಜೋಡಿಸುವ ಹಾಗೆ ಗೋಡೆಗೆ ಒಪ್ಪವಾಗಿ ಜೋಡಿಸಿದಳು. ಕೊನೆಯ ತುಂಡು ಬೀಳುವುದಕ್ಕೂ ಪೆಟ್ರೋಲು ಮುಗಿಯುವುದಕ್ಕೂ ಸರಿಹೋಯಿತು. ಹಿತ್ತಲಲ್ಲಿ ಮರ ಅನ್ನುವುದೇ ಉಳಿಯಲಿಲ್ಲ.

ಸಂಜೆ ಕಾರು ಬಂತು. ಹೆಂಡತಿ ನೀಲಿ ಕೋಟು ತೊಟ್ಟು, ಊರುಗೋಲು ಊರಿಕೊಂಡು ಇಳಿದಳು. ನಾಲ್ಕು ಹೆಜ್ಜೆಗೇ ಮುಖ ಬಾಡಿತ್ತು. ಕಟ್ಟಿಗೆಯ ಸಾಲಿನ ಮುಂದೆ ನಿಂತು ಒಂದು ತುಂಡನ್ನು ಮುಟ್ಟಿ ನೋಡಿದಳು.

“ಇದೆಲ್ಲ ನೀವೇ ಮಾಡಿದ್ರಾ?”

“ಹ್ಞೂಂ” ಅಂದರು ಟೇಲರು.

ಭಾವಮೈದುನ ಹಿಂದಿನಿಂದ ಬಂದು ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. “ಕಟ್ ಚೆನ್ನಾಗಿದೆ ಭಾವ” ಅಂದ. ಹಾಗನ್ನಲು ಅವನಿಗೆ ಸ್ವಲ್ಪ ಕಷ್ಟವೇ ಆಯಿತು.

ಹೆಂಡತಿಯನ್ನು ಒಲೆಯ ಮುಂದೆ ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ದಿಂಬು ಕೊಟ್ಟರು. ನೆರೆಯ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಟೇಲರು ಎಲ್ಲಕ್ಕಿಂತ ಚೆಂದದ ತುಂಡನ್ನು ಆರಿಸಿ ಒಲೆಗೆ ಇಟ್ಟು ಬಾಗಿಲು ತಳ್ಳಿದರು. ಬಾಗಿಲು ಬೀಳಲಿಲ್ಲ. ಇನ್ನೊಂದು ತುಂಡು ಇಟ್ಟರು. ತಿರುಗಿಸಿ ಇಟ್ಟರು, ಓರೆಯಾಗಿ ಇಟ್ಟರು. ಪ್ರತಿಯೊಂದೂ ಎರಡೆರಡು ಇಂಚು ಮೂತಿ ಹೊರಗೆ ಹಾಕಿಕೊಂಡು ಕೂತಿತು.

ಭಾವಮೈದುನ ಅವರ ಕತ್ತಿನಿಂದ ಟೇಪು ಎಳೆದು ಒಲೆ ಅಳೆದ, ಹದಿನೆಂಟು. ಕಟ್ಟಿಗೆ ಅಳೆದ, ಇಪ್ಪತ್ತು. ಹೊರಗೆ ಹೋಗಿ ಸಾಲಿನ ಆ ತುದಿ, ಈ ತುದಿ, ನಡುವೆ ಅಳೆದು ಬಂದ. ಎಲ್ಲವೂ ಇಪ್ಪತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಒಲೆ ಹದಿನೆಂಟಿದ್ರೆ ಕಟ್ಟಿಗೆ ಯಾಕೆ ಭಾವ ಇಪ್ಪತ್ತು?”

ಟೇಲರು ಕೈಯಲ್ಲಿದ್ದ ತುಂಡನ್ನೇ ನೋಡುತ್ತಿದ್ದರು. “ಹೊಲಿಗೆಗೆ ಬಿಟ್ಟಿದ್ದು” ಅಂದರು ಮೆಲ್ಲಗೆ.

ಪೆಟ್ರೋಲು ಮುಗಿದಿತ್ತು, ಮೆಷಿನ್ ಅಂಗಡಿ ಮುಚ್ಚಿತ್ತು, ತರಬೇಡ ಅಂದಿದ್ದರಿಂದ ಭಾವಮೈದುನನ ಮೆಷಿನ್ನು ಅವನ ಮನೆಯಲ್ಲಿತ್ತು. ಅವನು ಅಂಗಿಯ ತೋಳು ಮಡಚಿ, ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಕೈಗರಗಸ ಎತ್ತಿಕೊಂಡು ಹಿತ್ತಲಿಗೆ ನಡೆದ. ಪ್ರತಿ ಚಳಿಗಾಲದಂತೆ ಈ ಸಲವೂ ಕಟ್ಟಿಗೆ ಕತ್ತರಿಸುವವನು ಅವನೇ ಆದ.

ಹೆಂಡತಿ ಮಂಡಿ ಹಿಡಿದುಕೊಂಡು ನಕ್ಕಳು. ಆಸ್ಪತ್ರೆ ಸೇರಿದ ಮೇಲೆ ಇದೇ ಮೊದಲು ಅವಳು ಹೀಗೆ ನಕ್ಕಿದ್ದು. ಆಮೇಲೆ ಗಂಡನ ಮುಖ ನೋಡಿದಳು, ನಗು ನಿಂತಿತು.

“ಬನ್ನಿ ಇಲ್ಲಿ, ಕೂತ್ಕೊಳ್ಳಿ” ಅಂದು ಕೋಟಿನ ಮಗ್ಗುಲು ತಿರುಗಿಸಿ ಒಳಹೊಲಿಗೆ ತೋರಿಸಿದಳು. “ಇದನ್ನ ಹೊಲಿದಾಗ ನನ್ನ ಸೊಂಟ ಎಷ್ಟಿತ್ತು?”

“ಇಪ್ಪತ್ತಾರು.”

“ಈಗ?”

ಟೇಲರು ಬುದ್ಧಿವಂತಿಕೆಯಿಂದ ಅವಳ ಕಾಲಿನ ದಿಂಬು ಸರಿಮಾಡಿದರು.

“ದೊಡ್ಡವಳು ಹುಟ್ಟಿದ ಮೇಲೆ ಒಂದ್ಸಲ ಬಿಚ್ಚಿ ಅಗಲ ಮಾಡಿದ್ರಿ, ಚಿಕ್ಕವನು ಹುಟ್ಟಿದ ಮೇಲೆ ಇನ್ನೊಂದ್ಸಲ. ಅವತ್ತು ನೀವು ಒಳಗೆ ಬಟ್ಟೆ ಬಿಟ್ಟಿರದಿದ್ರೆ ಇವತ್ತು ಇದು ನನ್ನ ಮೈಗೆ ಆಗ್ತಿತ್ತಾ? ಆಸ್ಪತ್ರೇಲಿ ಎಷ್ಟು ಬೆಚ್ಚಗಿತ್ತು ಗೊತ್ತಾ?” ಅವಳು ಅವರ ಒರಟಾಗಿದ್ದ ಅಂಗೈಯನ್ನು ತಿರುಗಿಸಿ ನೋಡಿದಳು. ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. “ಹೋಗಿ, ಅವನಿಗೆ ಗುರುತು ಹಾಕ್ಕೊಡಿ. ಸರಿಯಾಗಿ ಒಲೆ ಅಳತೆಗೆ.”

ಟೇಲರು ಕಣ್ಣೊರೆಸಿಕೊಂಡು ಹೋದರು. ಟೇಪು ಹಿಡಿದು, ಚಾಕ್ ಎಳೆದು, ಒಂದು ಹೊರೆಗಾಗುವಷ್ಟು ತುಂಡುಗಳಿಗೆ ಗುರುತು ಹಾಕಿಕೊಟ್ಟು ಬಂದು ಹೆಂಡತಿಯ ಪಕ್ಕ ಕೂತರು. ಹೊರಗಿನಿಂದ ಗರಗಸದ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಭಾವಮೈದುನ ಬೆವರು ಸುರಿಸುತ್ತಾ ಹೊರೆ ತಂದು, ಒಲೆಗೆ ಜೋಡಿಸಿ, ಬಾಗಿಲು ತಳ್ಳಿದ.

ಬಾಗಿಲು ಬೀಳಲಿಲ್ಲ. ಒಂದೇ ಒಂದು ಬೆರಳಿನಷ್ಟು ಸಂದು ಉಳಿಯಿತು.

ಅವನು ಒಲೆ ನೋಡಿದ, ಚಾಕಿನ ಗುರುತು ನೋಡಿದ, ಆಮೇಲೆ ಭಾವನನ್ನು ನೋಡಿದ.

“ಅರ್ಧ ಇಂಚು ಅಷ್ಟೇ” ಅಂದರು ಟೇಲರು, ಕಾಲಿನ ಹೆಬ್ಬೆರಳು ನೋಡುತ್ತಾ. “ಇರಲಿ ಅಂತ.”

ಭಾವಮೈದುನ ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಬಾಯಿ ತೆರೆದ. “ಏನೂ ಅನ್ನಬೇಡ ಕಣೋ” ಅಂದಳು ಅಕ್ಕ. ಕೋಟಿನ ಒಂದು ಮಗ್ಗುಲನ್ನು ಗಂಡನ ಹೆಗಲ ಮೇಲಕ್ಕೆ ಎಳೆದಳು. ಅದು ಹೆಗಲಿನ ಅರ್ಧದವರೆಗೆ ಬಂತು, ಉಳಿದರ್ಧಕ್ಕೆ ಅವರು ಅವಳತ್ತ ಸರಿದು ಕೂತರು.

ಭಾವಮೈದುನ ಹೊರೆಯನ್ನು ಎತ್ತಿಕೊಂಡು ಮತ್ತೆ ಹಿತ್ತಲಿಗೆ ಹೋದ. ಹೋಗುವಾಗ ಚಾಕನ್ನೂ ಟೇಪನ್ನೂ ತಾನೇ ತೆಗೆದುಕೊಂಡು ಹೋದ.